ನಿಂತ ಗಾಡಿಯ ಪೆಟ್ರೋಲು

ಕೃಷ್ಣರಾಜಪುರದ ತೂಗುಸೇತುವೆಯನ್ನಿಳಿದು ಹಲಸೂರಿನ ಕಡೆಗೆ ಬರುವ ಹಳೆಯ ಮದರಾಸು ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿ ಎಂದು ಊರೆಲ್ಲ ಕರೆಯುವ ಆ ಕೂಡುದಾರಿಯಲ್ಲಿ, ಒಂದು ಸಂಜೆ ನಾನು ಕಾರಿನೊಳಗೆ ಕುಳಿತು ಮೂವತ್ತೈದು ನಿಮಿಷ ಆತ್ಮಚಿಂತನೆ ಮಾಡಿದೆ. ಹಿಂದಿನವರು ಇಂಥ ಕಾರ್ಯಕ್ಕಾಗಿ ಬೆಟ್ಟವನ್ನೇರುತ್ತಿದ್ದರು, ಗುಹೆಗಳನ್ನು ಹುಡುಕುತ್ತಿದ್ದರು. ಬೆಂಗಳೂರಿನ ಪೂರ್ವಭಾಗದಲ್ಲಿ ವಾಸಿಸುವವರಿಗೆ ಆ ತೊಂದರೆಯಿಲ್ಲ. ಮುಂದೆ ಒಂದು ಲಾರಿ, ಹಿಂದೆ ಒಂದು ಬಸ್ಸು, ಎಡಬಲಗಳಲ್ಲಿ ಸ್ಕೂಟರುಗಳು. ಸಂಸಾರದಿಂದ ಇಷ್ಟು ಸಂಪೂರ್ಣವಾದ ಬಿಡುಗಡೆ ಬೇರೆಲ್ಲಿ ದೊರೆತೀತು?

ಚಿಂತನೆಯನ್ನು ಆರಂಭಿಸಿಕೊಟ್ಟವಳು ಒಬ್ಬ ಹುಡುಗಿ. ಎಂಟನೆಯ ತರಗತಿಯಲ್ಲಿ ಓದುತ್ತಿರಬಹುದು. ಸಮವಸ್ತ್ರದ ಮೇಲೊಂದು ಕಾಗದದ ಟೋಪಿ, ಕೈಯಲ್ಲಿ ಕರಪತ್ರಗಳ ಕಟ್ಟು. ಅವಳ ಜೊತೆಗಾರರು ಐದಾರು ಮಂದಿ ವಾಹನಗಳ ನಡುವೆ ನುಸುಳುತ್ತ, ಬಗ್ಗಿ ಬಗ್ಗಿ, ಕಿಟಕಿಗಳನ್ನು ತಟ್ಟುತ್ತಿದ್ದರು. ಕಾಲುದಾರಿಯ ಮೇಲೆ ಅವರ ಉಪಾಧ್ಯಾಯಿನಿ ಆತಂಕದಿಂದ ಮಕ್ಕಳ ತಲೆಗಳನ್ನು ಎಣಿಸುತ್ತ ನಿಂತಿದ್ದರು. ಹುಡುಗಿ ನನ್ನ ಕಿಟಕಿಯ ಬಳಿ ಬಂದು, "ತಾತಾ, ಎಂಜಿನ್ ಆಫ್ ಮಾಡ್ಕೊಳ್ಳಿ" ಎಂದು ಕರಪತ್ರವನ್ನು ನೀಡಿದಳು.

ನಾನು ಕೂಡಲೇ ಕೀಲಿಯನ್ನು ತಿರುಗಿಸಿದೆ. ಮಗುವಿನ ಮಾತಿನಿಂದ ನಾಚಿಕೆಯಾಯಿತು. ನಾಚಿಕೆಗೆ ಒಂದು ವಿಶೇಷ ಕಾರಣವಿತ್ತು. ಹಲಸೂರಿನ ಒಂದು ಪ್ರೌಢಶಾಲೆಯಲ್ಲಿ ನಾನು ಬಹುಕಾಲ ವಿಜ್ಞಾನದ ಉಪಾಧ್ಯಾಯನಾಗಿದ್ದವನು. ವರ್ಷ ವರ್ಷವೂ ಇಂಧನ ಉಳಿತಾಯದ ಪ್ರಬಂಧ ಸ್ಪರ್ಧೆಯನ್ನು ನಡೆಸಿದವನು, ಇಂಥವೇ ಟೋಪಿಗಳನ್ನು ಮಕ್ಕಳ ತಲೆಗೆ ತೊಡಿಸಿದವನು, ಇಂಥವೇ ಕರಪತ್ರಗಳನ್ನು ಅವರ ಕೈಗೆ ಕೊಟ್ಟು ಬೀದಿಗೆ ಕಳುಹಿಸಿ ತಲೆಗಳನ್ನು ಎಣಿಸುತ್ತ ನಿಂತವನು ನಾನೇ. ಆ ಉಪದೇಶವನ್ನು ನೂರಾರು ಮಕ್ಕಳಿಗೆ ಹಂಚಿದ ನನ್ನ ಗಾಡಿ ಆ ಸಂಜೆ ನಿಂತಲ್ಲೇ ಗುಂಯ್‌ಗುಡುತ್ತಿತ್ತು. ಸಣ್ಣ ಕಾರೊಂದು ನಿಂತಲ್ಲಿಯೇ ಗಂಟೆಗೆ ಅರ್ಧ ಲೀಟರಿಗೂ ಮಿಕ್ಕಿ ಪೆಟ್ರೋಲನ್ನು ಸುಡುತ್ತದೆ, ತಂಪುಯಂತ್ರವನ್ನು ಹಾಕಿಕೊಂಡರೆ ಇನ್ನೂ ಹೆಚ್ಚು, ಎಂಬುದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದವನ ಗತಿ ಇದು.

ಕರಪತ್ರದಲ್ಲಿ ಹೊಸ ಸಂಗತಿಯೇನೂ ಇರಲಿಲ್ಲ. ಗಂಟೆಗೆ 45ರಿಂದ 55 ಕಿಲೋಮೀಟರಿನ ವೇಗದಲ್ಲಿ ನಡೆಸಿರಿ. ಚಕ್ರಗಳ ಗಾಳಿಯನ್ನು ಪರೀಕ್ಷಿಸಿರಿ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಹೋಗಬೇಡಿರಿ. ಗಾಳಿಯ ಶೋಧಕವನ್ನು ಶುಚಿಯಾಗಿಡಿರಿ. ನಿಂತಾಗ ಎಂಜಿನನ್ನು ಆರಿಸಿರಿ. ಎಲ್ಲವೂ ನಿಜವಾದ ಮಾತುಗಳು. ವೇಗ ಹೆಚ್ಚಿದಂತೆ ಗಾಳಿಯ ಎದುರೊತ್ತು ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆಯಾದ್ದರಿಂದ, 80ರ ವೇಗದಲ್ಲಿ ಓಡುವ ಕಾರಿಗಿಂತ 45-55ರಲ್ಲಿ ಓಡುವ ಕಾರು ಅದೇ ಲೀಟರಿಗೆ ಶೇಕಡ 40ರವರೆಗೂ ಹೆಚ್ಚು ದೂರ ಹೋದೀತೆಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದವರು ಮೊದಲಿನಿಂದ ಹೇಳುತ್ತ ಬಂದಿದ್ದಾರೆ. ಆದರೆ ಟಿನ್ ಫ್ಯಾಕ್ಟರಿಯಲ್ಲಿ ನಿಂತವನಿಗೆ ಈ ಹಿತವಚನ ಉಪವಾಸವಿರುವವನಿಗೆ ಮಿತಾಹಾರವನ್ನು ಬೋಧಿಸಿದಂತೆ. 2022ರಲ್ಲಿ ಟಾಮ್‌ಟಾಮ್ ಎಂಬ ಸಂಸ್ಥೆ ಜಗತ್ತಿನ ನಗರಗಳ ಸಂಚಾರವನ್ನು ಅಳೆದಾಗ, ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ಸಾಗುವುದಕ್ಕೆ 29 ನಿಮಿಷ 10 ಸೆಕೆಂಡು ಬೇಕಾಗುತ್ತದೆಂದು ಕಂಡುಬಂದಿತು. ನಿಧಾನದಲ್ಲಿ ನಮಗಿಂತ ಮುಂದಿದ್ದದ್ದು ಲಂಡನ್ ಒಂದೇ. ಗಂಟೆಗೆ ಸುಮಾರು 20 ಕಿಲೋಮೀಟರು! ಕರಪತ್ರವನ್ನು ಬರೆದವರು ಹೆದ್ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿರಬೇಕು. ಊರೊಳಗಿನ ಓಟದಲ್ಲಿ ಪೆಟ್ರೋಲನ್ನು ನುಂಗುವುದು ವೇಗವಲ್ಲ, ವೇಗವನ್ನು ಪಡೆದು ಮತ್ತೆ ಮತ್ತೆ ಕಳೆದುಕೊಳ್ಳುವುದು. ಮುಂದಿನ ಸಿಗ್ನಲ್ಲು ಕೆಂಪಾಗಿರುವುದನ್ನು ಕಣ್ಣಾರೆ ಕಂಡೂ ಅದರತ್ತ ಧಾವಿಸಿ, ಅದರ ಬುಡದಲ್ಲಿ ಬ್ರೇಕನ್ನು ಒತ್ತುವವನು, ಹಣ ಕೊಟ್ಟು ತಂದ ಚಲನಶಕ್ತಿಯನ್ನೆಲ್ಲ ಶಾಖವಾಗಿಸಿ ಬೀದಿಗೆ ಚೆಲ್ಲುತ್ತಾನೆ. ನಾನು ಬಲ್ಲಂತೆ ಬೆಂಗಳೂರಿಗರಲ್ಲಿ ಹತ್ತಕ್ಕೆ ಎಂಟು ಮಂದಿ ಕೆಂಪುದೀಪವನ್ನು ಮುಟ್ಟುವುದಕ್ಕೇ ಅವಸರಪಡುತ್ತಾರೆ.

ಮೇಲೆ ಹೇಳಿದ ಸಂಘ ಸ್ಥಾಪನೆಯಾದದ್ದು 1978ರಲ್ಲಿ, ಪೆಟ್ರೋಲಿಯಂ ಸಚಿವಾಲಯದ ಆಶ್ರಯದಲ್ಲಿ. ಅವರು ಮಾಡಿಸಿದ ಒಂದು ದೂರದರ್ಶನದ ಜಾಹೀರಾತು ಹಲವರ ನೆನಪಿನಲ್ಲಿರಬಹುದು. ಕೆಂಪುದೀಪದಲ್ಲಿ ನಿಂತ ಕಾರು; ತಂದೆ ಎಂಜಿನನ್ನು ಓಡಿಸಿಕೊಂಡೇ ಕುಳಿತಿದ್ದಾನೆ; ಪಕ್ಕದಲ್ಲಿ ಪುಟ್ಟ ಮಗ. ತಾನು ದೊಡ್ಡವನಾದ ಮೇಲೆ ಬೈಸಿಕಲ್ ರಿಪೇರಿಯ ಅಂಗಡಿ ಇಡುವೆನೆಂದು ಮಗ ಹೇಳುತ್ತಾನೆ. ತಂದೆಗೆ ಆಶ್ಚರ್ಯ. ನೀವು ಹೀಗೆಯೇ ಸುಡುತ್ತಿದ್ದರೆ ನಾನು ದೊಡ್ಡವನಾಗುವ ಹೊತ್ತಿಗೆ ಪೆಟ್ರೋಲೆಲ್ಲಿ ಉಳಿದಿರುತ್ತದೆ ಎಂಬುದು ಮಗನ ತರ್ಕ. ತಂದೆ ಮೌನವಾಗಿ ಎಂಜಿನನ್ನು ಆರಿಸುತ್ತಾನೆ. ಆ ಜಾಹೀರಾತನ್ನು ಕಂಡ ದಿನಗಳಲ್ಲಿ ನನಗೆ ಬಹಳ ಸಂತೋಷವಾಗಿತ್ತು. ತರಗತಿಯಲ್ಲಿ ಅದನ್ನೇ ಒಂದು ಕಿರುನಾಟಕವಾಗಿ ಆಡಿಸಿದ್ದೂ ಉಂಟು. ಇಂದು ಆಲೋಚಿಸಿದರೆ ಆ ಮಗುವಿನ ಭವಿಷ್ಯಜ್ಞಾನ ಸ್ವಲ್ಪ ತಪ್ಪಿತೆನ್ನಬೇಕು. ಪೆಟ್ರೋಲು ಮುಗಿಯಲಿಲ್ಲ. ಬೈಸಿಕಲ್ ಅಂಗಡಿಗಳು ಮುಗಿಯುತ್ತ ಬಂದವು. ನಾವು ಬಳಸುವ ಕಚ್ಚಾ ತೈಲದಲ್ಲಿ ಶೇಕಡ 85ಕ್ಕೂ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಬರುತ್ತಿರುವಷ್ಟು ಕಾಲ ಯಾರಿಗೂ ಅದು ಬರುವ ದಾರಿಯ ನೆನಪಿರುವುದಿಲ್ಲ.

ಬಾರದೆ ಹೋದ ಕಾಲವನ್ನು ನಮ್ಮ ತಂದೆಯವರು ಕಂಡಿದ್ದರು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬರ್ಮಾ ದೇಶವು ಜಪಾನೀಯರ ವಶವಾದಾಗ ಅಲ್ಲಿನ ಎಣ್ಣೆಯ ಬಾವಿಗಳೂ ಕೈತಪ್ಪಿದವು. ಪೆಟ್ರೋಲಿಗೆ ಪಡಿತರ ಚೀಟಿಯಿತ್ತು. ದಂಡಿನ ಲಾರಿಗಳಿಗೆ ಮೊದಲ ಪಾಲು; ದಂಡುಪ್ರದೇಶದ ಬೀದಿಗಳಲ್ಲಿ ಸಾಹೇಬರ ಮೋಟಾರುಗಳು ಷೆಡ್ಡಿನಲ್ಲಿ ನಿದ್ರೆಮಾಡಿದರೆ ಜಟಕಾಗಳಿಗೆ ಮತ್ತೆ ಯೌವನ ಬಂದಿತು. ಮೈಸೂರು ಸೀಮೆಯ ಬಸ್ಸುಗಳಿಗೆ ಹಿಂಬದಿಯಲ್ಲಿ ಒಂದೊಂದು ದೊಡ್ಡ ಒಲೆ ಕಟ್ಟಿದರು. ಅದರಲ್ಲಿ ಇದ್ದಲು ಹಾಕಿ ಅರೆಬರೆಯಾಗಿ ಉರಿಸಿದರೆ ಹೊರಡುವ ಅನಿಲವೇ ಎಂಜಿನ್ನಿಗೆ ಆಹಾರ. ಬಸ್ಸು ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರ್ ಹುಡುಗ ತಿದಿಯ ಚಕ್ರವನ್ನು ತಿರುಗಿಸುತ್ತ ಕೂರಬೇಕು; ಅವನ ಮುಖ ಇದ್ದಲಿನದೇ ತುಂಡಾಗಬೇಕು. ಕೋಲಾರದ ಕಡೆಯಿಂದ ಹೊಸಕೋಟೆ, ಕೃಷ್ಣರಾಜಪುರಗಳ ಮೇಲೆ ದಂಡಿಗೆ ಬರುವ ಬಸ್ಸು ದಿಣ್ಣೆ ಸಿಕ್ಕಿದಾಗ ಉಸಿರುಗಟ್ಟಿ ನಿಲ್ಲುವುದು, ಪ್ರಯಾಣಿಕರು ಇಳಿದು ತಳ್ಳುವುದು, ದಿಣ್ಣೆ ದಾಟಿದ ಮೇಲೆ ಓಡಿ ಹತ್ತುವುದು, ಇವನ್ನೆಲ್ಲ ತಂದೆಯವರು ರಸವತ್ತಾಗಿ ವರ್ಣಿಸುತ್ತಿದ್ದರು. ಅವರ ಮಾತಿನಲ್ಲಿ ದೂರಿನ ಧ್ವನಿ ಇರುತ್ತಿರಲಿಲ್ಲ. ಪೆಟ್ರೋಲಿನ ಬೆಲೆ ಏನೆಂಬುದು ಭುಜಕ್ಕೆ ತಿಳಿದಿದ್ದ ಕಾಲ ಅದು. ಅದೇ ವರ್ಷಗಳಲ್ಲಿ ಇಂಗ್ಲೆಂಡಿನ ರೈಲು ನಿಲ್ದಾಣಗಳಲ್ಲಿ 'ನಿಮ್ಮ ಪ್ರಯಾಣ ನಿಜವಾಗಿಯೂ ಅಗತ್ಯವೆ?' ಎಂದು ಕೇಳುವ ಭಿತ್ತಿಪತ್ರಗಳಿದ್ದವು. ಅಮೆರಿಕೆಯಲ್ಲಿ 1943ರ ಒಂದು ಭಿತ್ತಿಪತ್ರವು, ಕಾರಿನಲ್ಲಿ ಒಬ್ಬನೇ ಹೋಗುವವನ ಪಕ್ಕದ ಪೀಠದಲ್ಲಿ ಹಿಟ್ಲರನ ನೆರಳನ್ನು ಕೂರಿಸಿತ್ತು. ಈ ಚಿತ್ರವನ್ನು ನಾನು ಪುಸ್ತಕದಲ್ಲಿ ಕಂಡಾಗಲೆಲ್ಲ, ಹೊರವರ್ತುಲ ರಸ್ತೆಯಲ್ಲಿ ಒಂಟಿಯಾಗಿ ಸಾಗುವ ಸಾವಿರಾರು ಕಾರುಗಳ ಪಕ್ಕದ ಪೀಠಗಳಲ್ಲಿ ಯಾರನ್ನು ಕೂರಿಸಬಹುದೆಂದು ಯೋಚಿಸಿದ್ದೇನೆ.

1973ರ ಸಂಗತಿಯನ್ನು ಹೆಚ್ಚು ಬೆಳೆಸುವುದಿಲ್ಲ. ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆದವು, ಕೆಲವೇ ತಿಂಗಳುಗಳಲ್ಲಿ ಬೆಲೆ ನಾಲ್ಕು ಪಾಲಾಯಿತು, ಹಾಲೆಂಡಿನಲ್ಲಿ ಆ ನವೆಂಬರಿನಿಂದ ಕಾರಿಲ್ಲದ ಭಾನುವಾರಗಳು ಬಂದವು. ದೆಹಲಿಯಲ್ಲಿ ಅಟಲ ಬಿಹಾರಿ ವಾಜಪೇಯಿಯವರು ಬೆಲೆಯೇರಿಕೆಯನ್ನು ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಲೋಕಸಭೆಗೆ ಬಂದರು. ನಮ್ಮ ಊರಿನಲ್ಲಿ ಅದರ ಮರುವರ್ಷ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರವನ್ನು ತೆರೆದು, ಹಳ್ಳಿಯ ಒಲೆಯಿಂದ ಹಿಡಿದು ಶಕ್ತಿಯ ಲೆಕ್ಕವನ್ನೇ ಹೊಸದಾಗಿ ಬರೆಯತೊಡಗಿದರು. ಜನಕ್ಕೆ ಬೇಕಾದದ್ದು ಎಣ್ಣೆಯಲ್ಲ, ಎಣ್ಣೆಯಿಂದ ನಡೆಯುವ ಕೆಲಸ ಎಂಬುದು ಅವರ ವಿಚಾರಸರಣಿಯ ಬೀಜ. ಈ ಮಾತಿನ ತೂಕ ನನಗೆ ತಿಳಿದದ್ದು ತೀರ ತಡವಾಗಿ. ಅದನ್ನು ಮುಂದೆ ಹೇಳುತ್ತೇನೆ.

ಕನ್ನಡಿಗರು ಪೆಟ್ರೋಲು ಉಳಿತಾಯದ ಬೋಧನೆಯಲ್ಲಿ ಹಿಂದೆ ಬಿದ್ದವರಲ್ಲ. 2013ರಲ್ಲಿ ರೂಪಾಯಿ ಕುಸಿದು ಒಂದು ಡಾಲರಿಗೆ 68ರವರೆಗೂ ಇಳಿದಾಗ, ಕೇಂದ್ರದ ಪೆಟ್ರೋಲಿಯಂ ಸಚಿವರಾಗಿದ್ದವರು ನಮ್ಮವರೇ ಆದ ವೀರಪ್ಪ ಮೊಯಿಲಿಯವರು, 'ಶ್ರೀ ರಾಮಾಯಣ ಮಹಾನ್ವೇಷಣಂ' ಕಾವ್ಯದ ಕರ್ತೃ. ದೇಶವ್ಯಾಪಿಯಾಗಿ ಜನಜಾಗೃತಿಯ ಪ್ರಚಾರವನ್ನು ಆರಂಭಿಸಿ, ಅಕ್ಟೋಬರ್ 9ರ ಬುಧವಾರ ತಾವೇ ದೆಹಲಿಯ ಮೆಟ್ರೋ ರೈಲನ್ನೇರಿ ಕಚೇರಿಗೆ ಹೋದರು. ಪ್ರತಿ ಬುಧವಾರವೂ ಹಾಗೆಯೇ ಮಾಡಬೇಕೆಂದು ಇಲಾಖೆಯವರಿಗೂ ಹೇಳಿದರು. ರಾತ್ರಿಯ ವೇಳೆ ಬಂಕುಗಳನ್ನು ಮುಚ್ಚಿದರೆ ಹೇಗೆಂಬ ಒಂದು ಸಲಹೆಯೂ ಆಗ ಹೊರಟು, ಕೂಗೆದ್ದು, ಅಲ್ಲಿಗೇ ನಿಂತಿತು. ಕಾವ್ಯದಲ್ಲಿ ವನವಾಸವನ್ನು ಒಪ್ಪುವ ಜನ ಬಂಕಿನ ಬಾಗಿಲು ಮುಚ್ಚುವುದನ್ನು ಒಪ್ಪುವುದಿಲ್ಲ.

ಅದಕ್ಕೂ ಮುಂಚೆ, 2010ರ ಫೆಬ್ರವರಿ 4ರಿಂದ, ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯವರು ತಿಂಗಳ ನಾಲ್ಕನೆಯ ತಾರೀಖನ್ನು 'ಬಸ್ ದಿನ'ವೆಂದು ಆಚರಿಸತೊಡಗಿದ್ದರು. ನಾನು ಆಗ ಇನ್ನೂ ಕೆಲಸದಲ್ಲಿದ್ದೆ. ಶಿವಾಜಿನಗರದ ನಿಲ್ದಾಣದಲ್ಲಿ ಮಕ್ಕಳೊಂದಿಗೆ ನಿಂತು ಬಸ್ಸು ಹತ್ತುವವರಿಗೆ ಗುಲಾಬಿ ಕೊಟ್ಟೆವು. ಒಬ್ಬ ತಾಯಿ ಹೂವನ್ನು ಮುಡಿದುಕೊಂಡು, "ನಾವು ದಿನಾ ಬಸ್ಸಲ್ಲೇ ಬರೋರು ಮೇಷ್ಟ್ರೇ, ಕಾರಿನೋರಿಗೆ ಕೊಡಿ" ಎಂದು ನಕ್ಕು ಹೋದಳು. ಮತ್ತೆ 2018ರ ಫೆಬ್ರವರಿ 11ರಂದು, ಸಾರಿಗೆ ಸಚಿವರಾಗಿದ್ದ ಎಚ್. ಎಂ. ರೇವಣ್ಣನವರ ಕಾಲದಲ್ಲಿ, ತಿಂಗಳ ಎರಡನೆಯ ಭಾನುವಾರವನ್ನು 'ವಿರಳ ಸಂಚಾರ ದಿನ'ವಾಗಿ ಆಚರಿಸಬೇಕೆಂದಾಯಿತು. ಹೆಸರು ಎಷ್ಟು ಸುಂದರವಾಗಿದೆ ನೋಡಿ! ಆದರೆ ಭಾನುವಾರ ಬೆಂಗಳೂರಿನಲ್ಲಿ ಸಂಚಾರ ತಾನಾಗಿಯೇ ವಿರಳ. ಏಕಾದಶಿಯ ದಿನ ಉಪವಾಸ ಮಾಡುವವರಿಗೆ ಏಕಾದಶಿಯಂದೇ ಊಟ ಬಿಡಿರೆಂದು ಹೇಳಿದ ಹಾಗಾಯಿತು. ಆ ಆಚರಣೆ ಹೆಚ್ಚು ಕಾಲ ಬಾಳಲಿಲ್ಲ. ಪ್ರಧಾನಮಂತ್ರಿಗಳೂ 2017ರ ಮಾರ್ಚಿನಲ್ಲಿ ತಮ್ಮ ಬಾನುಲಿ ಭಾಷಣದಲ್ಲಿ ವಾರಕ್ಕೊಂದು ದಿನ ಪೆಟ್ರೋಲು, ಡೀಸೆಲ್ ಬಳಸದಿರುವ ಸಂಕಲ್ಪವನ್ನು ಮಾತಾಡಿದ್ದರು. ಬೋಧನೆಗೆ ಕೊರತೆಯಾಗಲಿಲ್ಲ ಎನ್ನುವುದಕ್ಕೆ ಇಷ್ಟು ಹೇಳಿದೆ.

ಹಾಗಾದರೆ ಬೋಧನೆಯ ಫಲವೇನು? ಇಂದಿರಾನಗರದ ನೂರಡಿ ರಸ್ತೆಯಲ್ಲಿ ನನಗೊಮ್ಮೆ ಅದರ ಉತ್ತರ ಎದುರಾಗಿ ಬಂದಿತು. ಉಪಾಹಾರ ಮಂದಿರವೊಂದರ ಮುಂದೆ ದೊಡ್ಡದೊಂದು ಕಾರು ಎಂಜಿನ್ ಓಡಿಸಿಕೊಂಡೇ ನಿಂತಿತ್ತು. ಅದರೊಳಗಿನಿಂದ ನಲವತ್ತು ದಾಟಿದ ಗೃಹಸ್ಥನೊಬ್ಬ ಇಳಿದು, "ಸಾರ್, ನೀವಲ್ಲವೆ!" ಎಂದು ನನ್ನ ಕಾಲುಮುಟ್ಟಿ ನಮಸ್ಕರಿಸಿದ. ನನ್ನ ಹಳೆಯ ವಿದ್ಯಾರ್ಥಿ. ಇಂಧನ ಉಳಿತಾಯದ ಪ್ರಬಂಧಕ್ಕೆ ಪ್ರಥಮ ಬಹುಮಾನ ಪಡೆದ ಹುಡುಗ. ಅಂದಿನ ಅವನ ಅಕ್ಷರ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ. ಅವನ ಭಕ್ತಿಯಲ್ಲಿ ಕಪಟವಿರಲಿಲ್ಲ. ಹತ್ತು ನಿಮಿಷ ನಿಂತು ಕುಶಲಪ್ರಶ್ನೆ ಮಾಡಿದ; ಆ ಪ್ರಬಂಧದ ಬಹುಮಾನವಾಗಿ ಕೊಟ್ಟ ನಿಘಂಟನ್ನು ಇಂದಿಗೂ ಇಟ್ಟುಕೊಂಡಿರುವುದಾಗಿ ಹೇಳಿದ. ಅಷ್ಟು ಹೊತ್ತೂ ಅವನ ಕಾರು, ಒಳಗೆ ಯಾರೂ ಇಲ್ಲದೆ, ತಂಪಾಗಿ ಉರಿಯುತ್ತಿತ್ತು. ಅವನಿಗೆ ಹೇಳಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಗುರುವಿಗೆ ಶಿಷ್ಯನ ಮುಂದೆ ಸೋಲು ಬಂದರೆ ಅದು ಹೆಮ್ಮೆಯೆಂದು ಹಿರಿಯರ ಮಾತಿದೆ, ಆದರೆ ಅವರ ಮನಸ್ಸಿನಲ್ಲಿದ್ದದ್ದು ಇಂಥ ಸೋಲಾಗಿರಲಾರದು.

ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ಮರುದಿನ ಕಾರಿನ ಕ್ಲಚ್ಚು ತೊಂದರೆ ಕೊಡುತ್ತಿದ್ದುದರಿಂದ ಶಿವಾಜಿನಗರಕ್ಕೆ ಹೋದೆ. ಅಲ್ಲಿನ ಗುಜರಿ ಅಂಗಡಿಗಳ ಓಣಿಯೊಂದರಲ್ಲಿ ನಮ್ಮ ಉಸ್ತಾದರ ಕಾರ್ಯಾಗಾರವಿದೆ. ಕಾರ್ಯಾಗಾರವೆಂದರೆ ಒಂದು ತಗಡಿನ ಮಾಡು, ಒಂದು ಬೆಂಚು, ಗೋಡೆಯ ತುಂಬ ಸ್ಪ್ಯಾನರುಗಳು. ವಯಸ್ಸು ಎಪ್ಪತ್ತರ ಸಮೀಪ. ನನ್ನ ಸ್ಕೂಟರಿನ ಕಾಲದಿಂದ ಪರಿಚಯ. ಬಿಚ್ಚಿ ತೆಗೆದ ಕ್ಲಚ್ ಪ್ಲೇಟನ್ನು ಬೆಳಕಿಗೆ ಹಿಡಿದು ಅವರು ನೋಡಿದ ರೀತಿ, ಜೋಯಿಸರು ಅಂಗೈಯನ್ನು ನೋಡಿದಂತಿತ್ತು.

"ಮೇಷ್ಟ್ರೇ, ಗಾಡಿ ಪೆಟ್ರೋಲ್ ಕುಡೀತದೆ ಅಂತ ಹೇಳ್ತೀರಿ. ಗಾಡಿ ಕುಡಿಯೋದಿಲ್ಲ. ನಿಮ್ಮ ಎಡಗಾಲು ಕುಡೀತದೆ" ಎಂದರು.

ನಾನು ಕ್ಲಚ್ಚಿನ ಮೇಲೆ ಕಾಲಿಡುವುದೇ ಇಲ್ಲವೆಂದು ವಾದಿಸಿದೆ. ಅವರು ನಕ್ಕು, ಪ್ಲೇಟು ಸುಳ್ಳು ಹೇಳುವುದಿಲ್ಲವೆಂದರು. ಅನಂತರ ಚಕ್ರಗಳ ಬಳಿ ಕುಕ್ಕರಗಾಲಿನಲ್ಲಿ ಕುಳಿತು, ಗಾಳಿ ಎಷ್ಟು ದಿನಕ್ಕೊಮ್ಮೆ ಹಾಕಿಸುವಿರೆಂದು ಕೇಳಿದರು. ನೆನಪಾದಾಗ, ಎಂದೆ. "ಊಟ ಹಂಗೆ ಮಾಡ್ತೀರಾ, ನೆನಪಾದಾಗ?" ಎಂದರು. ಗಾಳಿಯ ಒತ್ತಡ ಕಾಲುಭಾಗ ಇಳಿದರೆ ಪೆಟ್ರೋಲು ಶೇಕಡ 5ರಿಂದ 10ರಷ್ಟು ಹೆಚ್ಚು ಬೇಕಾಗುತ್ತದೆಂದು ನಾನು ಮಕ್ಕಳಿಗೆ ವರ್ಷಗಟ್ಟಲೆ ಉಕ್ತಲೇಖನ ಬರೆಸಿದ್ದೆನಷ್ಟೆ. ನನ್ನ ನಾಲ್ಕು ಚಕ್ರಗಳಲ್ಲಿ ಮೂರು ಸೊರಗಿದ್ದವು.

ಅವರಿಂದ ಆ ದಿನ ಕಲಿತದ್ದು ಇನ್ನೊಂದುಂಟು. ನಾನು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದು ಗಾಡಿಯನ್ನು ತೇಲಿಬಿಡುತ್ತಿದ್ದೆ. ಕಾರ್ಬ್ಯುರೇಟರಿನ ಕಾಲದ ಮಿತವ್ಯಯ ಅದು. ಈಗಿನ ಗಾಡಿಗಳಲ್ಲಿ ಇಂಧನವನ್ನು ಯಂತ್ರವೇ ಅಳೆದು ಸಿಂಪಡಿಸುತ್ತದೆ. ಗೇರಿನಲ್ಲಿಯೇ ಇಟ್ಟು ಕಾಲೆತ್ತಿದರೆ ಚಕ್ರಗಳೇ ಎಂಜಿನನ್ನು ತಿರುಗಿಸುವುದರಿಂದ ಅದು ಪೆಟ್ರೋಲನ್ನು ಪೂರ್ತಿಯಾಗಿ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿಗೆ ತಂದರೆ ಎಂಜಿನ್ ಆರದಂತೆ ಕಾಯಲು ಸುಡುತ್ತಲೇ ಇರುತ್ತದೆ. ನಿಲುಗಡೆಯ ವಿಷಯವೂ ಹಾಗೆಯೇ: ಮತ್ತೆ ಹೊತ್ತಿಸಲು ಹೆಚ್ಚು ಪೆಟ್ರೋಲು ಬೇಕೆಂಬ ನಂಬಿಕೆ ಹಳೆಯ ಎಂಜಿನ್ನಿನದು. ಈಗ 10 ಸೆಕೆಂಡಿಗೆ ಮಿಕ್ಕಿ ನಿಲ್ಲುವುದಾದರೆ ಆರಿಸುವುದೇ ಲಾಭ. 2020ರ ಏಪ್ರಿಲ್ಲಿನಲ್ಲಿ ಭಾರತ್ ಸ್ಟೇಜ್ 6ರ ನಿಯಮ ಬಂದ ಮೇಲೆ ಹೊಸ ದ್ವಿಚಕ್ರವಾಹನಗಳೂ ಬಹುಮಟ್ಟಿಗೆ ಈ ದಾರಿಗೇ ಬಂದಿವೆ. ನಾನು ಕಲಿಸಿದ ಪಾಠದಲ್ಲಿ ಕಾಲುಭಾಗ ಹಳಸಿಹೋಗಿತ್ತು, ನನಗದು ಗೊತ್ತಿರಲಿಲ್ಲ.

ಅಂದಿನಿಂದ ಒಂದು ದಿನಚರಿಯನ್ನಿಟ್ಟೆ. ಬಂಕಿನಲ್ಲಿ ಹಾಕಿಸಿದ ಲೀಟರು ಒಂದು ಕಡೆ, ಓಡಿದ ಕಿಲೋಮೀಟರು ಇನ್ನೊಂದು ಕಡೆ. ಮೊದಲ ಮೂರು ತಿಂಗಳು ನನ್ನ ಹಳೆಯ ಅಭ್ಯಾಸದಲ್ಲಿಯೇ ಓಡಿಸಿದೆ: ಲೀಟರಿಗೆ ಹನ್ನೆರಡೂವರೆ. ಅನಂತರ ಉಸ್ತಾದರ ಶಿಷ್ಯನಾದೆ. ಹದಿನೈದು ದಿನಕ್ಕೊಮ್ಮೆ ಗಾಳಿ, ಎಡಗಾಲು ನೆಲದ ಮೇಲೆ, ಕೆಂಪುದೀಪ ಕಂಡಕೂಡಲೇ ಬಲಗಾಲು ಮೇಲೆ. ಹಿಂದಿನವರು ಹಾರನ್ನು ಹೊಡೆದರು; ಹೊಡೆದುಕೊಳ್ಳಲಿ ಎಂದುಕೊಂಡೆ. ಮುಂದಿನ ಮೂರು ತಿಂಗಳ ಸರಾಸರಿ ಹದಿನಾಲ್ಕಕ್ಕೆ ಸ್ವಲ್ಪ ಕಡಿಮೆ. ತಿಂಗಳಿಗೆ ನಾನೂರು ಕಿಲೋಮೀಟರು ಓಡಿಸುವ ನನಗೆ ಉಳಿದದ್ದು ಮೂರು ಲೀಟರು. ಹಣದಲ್ಲಿ ಮುನ್ನೂರು ರೂಪಾಯಿಗೆ ಚೂರು ಹೆಚ್ಚು. ಲೀಟರು ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ ಅಷ್ಟೇ ಆದರೂ ಅದು ಸುಟ್ಟಾಗ ಗಾಳಿಯ ಆಮ್ಲಜನಕದೊಡನೆ ಸೇರಿ 2.3 ಕಿಲೋಗಳಷ್ಟು ಅಂಗಾರಾಮ್ಲವಾಯು ಆಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದರೆ ತಿಂಗಳಿಗೆ ಏಳು ಕಿಲೋ ಹೊಗೆ ಕಡಿಮೆ. ಆಮೇಲೆ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿತು. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾದ್ದರಿಂದ ನನ್ನ ಅಂಕಗಳೂ ಚೂರು ಇಳಿದವು. ಅದಿರಲಿ.

ಈ ದಿನಚರಿಯನ್ನು ನಾನು ಮಗನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾನೆ. ಹಲಸೂರಿನ ನಮ್ಮ ಮನೆಯಿಂದ ಹೋಗಿಬರುವುದಕ್ಕೆ ದಿನಕ್ಕೆ ಮೂವತ್ತೈದು ಕಿಲೋಮೀಟರು. ಅವನು ಪುಟಗಳನ್ನು ಶ್ರದ್ಧೆಯಿಂದಲೇ ತಿರುವಿ, "ಅಪ್ಪ, ನೀವು ತಿಂಗಳಿಗೆ ಮೂರು ಲೀಟರ್ ಉಳಿಸಿದ್ದೀರಿ. ನಾನು ಅರವತ್ತು ಉಳಿಸಿದ್ದೀನಿ, ಗೊತ್ತಾ?" ಎಂದ.

ನಿಜ. ನಮ್ಮ ಮನೆಯ ಮುಂದಿನ ಮೆಟ್ರೋ, ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ, 2011ರ ಅಕ್ಟೋಬರ್ 20ರಂದು ಓಡಲಾರಂಭಿಸಿತು. ಬೆಂಗಳೂರಿನ ಮೊದಲ ಮೆಟ್ರೋ. ಆದರೆ ಮಗನ ದಾರಿ ಪೂರ್ವಕ್ಕೆ. 2023ರ ಮಾರ್ಚಿನಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ರೈಲು ಬಂದಾಗ ನಡುವೆ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ಕೊಂಡಿ ಇರಲಿಲ್ಲ. ಎರಡು ಕಿಲೋಮೀಟರಿನ ಆ ಅಂತರವನ್ನು ಬಸ್ಸಿನಲ್ಲಿ ದಾಟಬೇಕು, ಅದೂ ಟಿನ್ ಫ್ಯಾಕ್ಟರಿಯ ಮೇಲೆ. ಮಗ ಎರಡು ವಾರ ಪ್ರಯತ್ನಿಸಿ ಬೇಸತ್ತು ಮತ್ತೆ ಕಾರಿಗೆ ಹತ್ತಿದ. ಆಗ ನಾನು ಅವನಿಗೆ ಉಪದೇಶ ಮಾಡಿದ್ದೆ, ಸ್ವಲ್ಪ ಕಟುವಾಗಿಯೇ. ಒಂದು ವಾರ ತಂದೆಮಕ್ಕಳ ನಡುವೆ ಮಾತು ಬೆಳೆಯಲಿಲ್ಲ. ಅಕ್ಟೋಬರ್ 9ರಂದು ಆ ಎರಡು ಕಿಲೋಮೀಟರಿನ ಕೊಂಡಿ ಕೂಡಿತು. ಮರುದಿನ ಬೆಳಿಗ್ಗೆ ಮಗ ಯಾರಿಗೂ ಹೇಳದೆ ಚೀಲವನ್ನು ಹೆಗಲಿಗೇರಿಸಿ ನಡೆದುಹೋದ. ಕಾರಿನ ಮೇಲೆ ಧೂಳು ಕುಳಿತಿತು. ನನ್ನ ಕಟುವಾದ ಮಾತು ಆರು ತಿಂಗಳಿನಲ್ಲಿ ಮಾಡದ ಕೆಲಸವನ್ನು ಎರಡು ಕಿಲೋಮೀಟರು ಕಾಂಕ್ರೀಟು ಒಂದು ಬೆಳಿಗ್ಗೆಯಲ್ಲಿ ಮಾಡಿತು. ಜನಕ್ಕೆ ಬೇಕಾದದ್ದು ಎಣ್ಣೆಯಲ್ಲ, ಎಣ್ಣೆಯಿಂದ ನಡೆಯುವ ಕೆಲಸ, ಎಂದು ಆಗಲೇ ಹೇಳಿದೆನಲ್ಲ, ಅದರ ಅರ್ಥ ನನಗಾದದ್ದು ಅಂದು. ಅದೇ ವರ್ಷದ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ, ನನ್ನ ಸೊಸೆಯ ಸ್ಕೂಟರೂ ವಾರದಲ್ಲಿ ಮೂರು ದಿನ ಮನೆಯಲ್ಲೇ ನಿಲ್ಲುತ್ತದೆ. ಹಿಂದೆ ಗುಲಾಬಿಯನ್ನು ಕೊಟ್ಟ ನನ್ನ ಕೈಗೆ ಇದು ಹೊಳೆದಿರಲಿಲ್ಲ.

ಹಾಗೆಂದು ಮಗನ ಮಾತನ್ನು ನಾನು ಪೂರ್ತಿ ಒಪ್ಪಿಬಿಟ್ಟೆನೆಂದಲ್ಲ. ಮೆಟ್ರೋ ಮುಟ್ಟದ ಓಣಿಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಮುಪ್ಪಿನವರನ್ನು ಆಸ್ಪತ್ರೆಗೆ ಒಯ್ಯಬೇಕು, ತರಕಾರಿಯ ಮೂಟೆಯನ್ನು ಮಾರುಕಟ್ಟೆಗೆ ತರಬೇಕು. ಅಲ್ಲಿ ಓಡುವ ಗಾಡಿಗಳು ಓಡಲೇಬೇಕು, ಓಡುವಾಗ ಅರಿವಿನಿಂದ ಓಡಿದರೆ ಹತ್ತರಲ್ಲೊಂದು ಪಾಲು ಉಳಿಯುತ್ತದೆ. ನನ್ನ ದಿನಚರಿಯೇ ಅದಕ್ಕೆ ಸಾಕ್ಷಿ. ನಾನು ತಪ್ಪಿದ್ದು ಬೋಧಿಸಿದ್ದರಲ್ಲಿ ಅಲ್ಲ, ಬೋಧನೆಯನ್ನು ಯಾರಿಗೆ ಯಾವ ರೀತಿಯಲ್ಲಿ ಕೊಡಬೇಕೆಂಬುದರಲ್ಲಿ. ಹದಿಮೂರು ವರ್ಷದ ಮಕ್ಕಳಿಗೆ ಕ್ಲಚ್ಚಿನ ಪಾಠವನ್ನು ಹೇಳಿದೆ. ಅವರ ಕಾಲು ಕ್ಲಚ್ಚನ್ನು ಮುಟ್ಟುವ ಹೊತ್ತಿಗೆ ಪಾಠ ಮರೆತಿತ್ತು, ಯಂತ್ರವೂ ಬದಲಾಗಿತ್ತು. ಚಾಲನೆಯ ಪರವಾನಗಿಗೆ ಬರುವವನಿಗೆ, ಆ ಬೆಂಚಿನ ಮೇಲೆ ಕೂರಿಸಿ, ಸುಟ್ಟ ಕ್ಲಚ್ ಪ್ಲೇಟೊಂದನ್ನು ಕೈಗೆ ಕೊಟ್ಟು ಉಸ್ತಾದರು ಐದು ನಿಮಿಷ ಮಾತಾಡಿದರೆ ನನ್ನ ಎಲ್ಲ ಪ್ರಬಂಧ ಸ್ಪರ್ಧೆಗಳಿಗಿಂತ ಹೆಚ್ಚು ನಡೆದೀತು. ಇದನ್ನು ಅವರಿಗೆ ಹೇಳಿದಾಗ, "ಎಲ್ರೂ ಹುಷಾರಾದ್ರೆ ನನ್ನ ಅಂಗಡಿ ಹೆಂಗೆ ಮೇಷ್ಟ್ರೇ?" ಎಂದು ಕೇಳಿ ಚಹಾ ತರಿಸಿದರು.

ಇನ್ನು ಕರಪತ್ರದ ಹುಡುಗಿಯ ಸಂಗತಿ. ಆ ಸಂಜೆ ನಾನು ಎಂಜಿನನ್ನು ಆರಿಸಿದ ಮೇಲೆ ಅವಳು ನನ್ನ ಮುಂದಿನ ಆಟೋದವನ ಬಳಿಗೂ ಹೋದಳು. ಅವನು ಕರಪತ್ರವನ್ನು ತೆಗೆದುಕೊಳ್ಳದೆ, "ನಂದು ಆಗ್ಲೇ ಆಫ್ ಆಗಿದೆ ಪಾಪ, ಕಿವಿ ಇಟ್ಟು ಕೇಳು" ಎಂದ. ಅವಳು ನಿಜವಾಗಿಯೂ ಬಗ್ಗಿ ಕಿವಿಯಿಟ್ಟಳು. ದಿನದ ಸಂಪಾದನೆಯಲ್ಲಿ ಗ್ಯಾಸಿನ ಪಾಲನ್ನು ಕಳೆದು ಮಿಕ್ಕದ್ದನ್ನು ಮನೆಗೆ ಒಯ್ಯುವವನಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಮುಂದಿನ ಕಾರಿಗೆ ಹೋದಳು. ಅದರ ಕಿಟಕಿ ತೆರೆಯಲಿಲ್ಲ.

ಮೊನ್ನೆ ಹಲಸೂರು ಕೆರೆಯ ಬದಿಯ ಸಿಗ್ನಲ್ಲಿನಲ್ಲಿ ನಿಂತಾಗ ಗಡಿಯಾರ 90 ಎಂದು ತೋರಿಸುತ್ತಿತ್ತು. ಕೀಲಿಯನ್ನು ತಿರುಗಿಸಿ, ಕೈಕಟ್ಟಿ, ಕೆರೆಯ ನೀರನ್ನು ನೋಡುತ್ತ ಕುಳಿತೆ. ಪಕ್ಕದ ಸ್ಕೂಟರಿನ ತರುಣನೊಬ್ಬ ನನ್ನನ್ನು ನೋಡಿದ, ಗಡಿಯಾರವನ್ನು ನೋಡಿದ, ತಾನೂ ಆರಿಸಿದ. ನನಗೆ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ ಹಿಂದಿನ ಆಟೋದಿಂದ ಕೂಗು ಬಂದಿತು: "ಯಜಮಾನ್ರೇ, ಗಡಿಯಾರ ನಂಬ್ಬೇಡಿ, ಇವತ್ತು ಪೊಲೀಸ್ರು ಕೈಯಲ್ಲೇ ಬಿಡ್ತಾವ್ರೆ!" ತಲೆಯೆತ್ತಿ ನೋಡಿದರೆ ಪೊಲೀಸಿನವರ ಕೈ ಆಗಲೇ ಮೇಲೆದ್ದಿತ್ತು. ತರುಣನೂ ನಾನೂ ಒಟ್ಟಿಗೇ ಕೀಲಿಗೆ ಕೈಹಾಕಿದೆವು.